ರಾಜನಿಗೆ ಲೆಕ್ಕ ಕೇಳಿದರೆ ನನ್ನ ವೀಸಾ ಹೋಗುತ್ತಾ?

ಪ್ರಶ್ನೆ: ಮೇಡಂ, ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಪತ್ರೆಯೊಂದರ ಫಾರ್ಮಸಿಸ್ಟ್. ವರ್ಕ್ ವೀಸಾದಲ್ಲಿ ಬಂದು ನಾಲ್ಕು ವರ್ಷ ಆಯಿತು, ಇನ್ನು ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಬೇಕು. ರಾಜ ಚಾರ್ಲ್ಸ್ ಅವರ ತಮ್ಮ ಆಂಡ್ರೂ ಅವರ ಬಿರುದು ಕಿತ್ತುಕೊಂಡಾಗಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ರಾಜಮನೆತನದ್ದೇ ಮಾತು. ಒಬ್ಬರು "ರಾಜನಿಂದ ಜನರಿಗೆ ಒಂದು ಪೆನ್ನಿ ಖರ್ಚಿಲ್ಲ, ಅವರೇ ಸರ್ಕಾರಕ್ಕೆ ದುಡ್ಡು ಕೊಡ್ತಾರೆ" ಅಂತಾರೆ. ಇನ್ನೊಬ್ಬರು "ಸ್ವಂತ ತಮ್ಮನನ್ನೇ ಹೊರಗೆ ಹಾಕಿದ್ದಾರೆ, ಇನ್ನೇನು ಬೇಕು" ಅಂತಾರೆ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಆದರೆ ವಾದ ಮಾಡುವಷ್ಟು ವಿಷಯ ಗೊತ್ತಿಲ್ಲ. ಸಹೋದ್ಯೋಗಿಯೊಬ್ಬರು ಪ್ರತಿಭಟನೆಗೆ ಕರೆಯುತ್ತಿದ್ದಾರೆ, "ನಾಟ್ ಮೈ ಕಿಂಗ್" ಅನ್ನುವ ಹಳದಿ ಬೋರ್ಡ್ ಹಿಡಿದು ನಿಲ್ಲುವುದಂತೆ. ನಮ್ಮನೆಯವರು "ರಾಜದ್ರೋಹ ಆಗುತ್ತೆ, ವೀಸಾ ಹೋಗುತ್ತೆ, ಸುಮ್ನಿರು" ಅಂತಾರೆ. ಮುಂದೆ ಸಿಟಿಜನ್‌ಶಿಪ್ ತಗೊಂಡರೆ ರಾಜನಿಗೇ ನಿಷ್ಠೆಯ ಪ್ರಮಾಣ ಮಾಡಬೇಕಂತೆ. ಈಗ ವಿರೋಧಿಸಿ ಆಮೇಲೆ ಪ್ರಮಾಣ ಮಾಡಿದರೆ ಅದು ಸುಳ್ಳಾಗಲ್ವಾ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ. ಆದರೆ ಒಳಗಿರುವ ಭಯ ಒಂದೇ. ಈ ದೇಶದಲ್ಲಿ ಅತಿಥಿಯಂತೆ ಇರುವ ನನಗೆ ಇಲ್ಲಿನ ರಾಜನ ಬಗ್ಗೆ ಬಾಯಿ ಬಿಡುವ ಹಕ್ಕು ಇದೆಯಾ, ಬಿಟ್ಟರೆ ಏನಾಗುತ್ತೆ ಅನ್ನುವುದು. ನಾನು ವಲಸೆ ಮತ್ತು ಸಾರ್ವಜನಿಕ ಕಾನೂನಿನ ಕೇಸು ನೋಡುವ ಸಾಲಿಸಿಟರ್. ವೀಸಾದಲ್ಲಿರುವ ನಮ್ಮವರು ಬೇರೆಲ್ಲ ಪ್ರಶ್ನೆ ಮುಗಿದ ಮೇಲೆ, ಎದ್ದು ಹೋಗುವಾಗ ದನಿ ತಗ್ಗಿಸಿ ಕೇಳುವುದು ಇದನ್ನೇ. ಹಕ್ಕು ಇದೆ. ಬಹಳ ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಅಪಾಯವೂ ಇದೆ, ಆದರೆ ನಿಮ್ಮನೆಯವರು ತೋರಿಸುತ್ತಿರುವ ಜಾಗದಲ್ಲಿ ಇಲ್ಲ.

ಮೊದಲು ರಾಜದ್ರೋಹದ ಮಾತು ಮುಗಿಸೋಣ. ಅವರು ಹೇಳಿದ್ದು ಪೂರ್ತಿ ಗಾಳಿಮಾತಲ್ಲ. 1848ರ ಟ್ರೀಸನ್ ಫೆಲನಿ ಕಾಯ್ದೆ ಇನ್ನೂ ಪುಸ್ತಕದಲ್ಲಿದೆ. ಅದನ್ನು ಅಕ್ಷರಶಃ ಓದಿದರೆ ರಾಜನನ್ನು ಪಟ್ಟದಿಂದ ಇಳಿಸಬೇಕು ಎಂದು ಬರೆಯುವುದಕ್ಕೂ ಜೀವಾವಧಿ ಶಿಕ್ಷೆ ಕೊಡಬಹುದು. ಗಾರ್ಡಿಯನ್ ಪತ್ರಿಕೆ ಗಣರಾಜ್ಯದ ಪರವಾಗಿ ಲೇಖನ ಹಾಕಲು ಶುರು ಮಾಡಿದಾಗ, ನಮ್ಮನ್ನು ಹಿಡಿಯುತ್ತೀರಾ ಇಲ್ಲವಾ ಸ್ಪಷ್ಟವಾಗಿ ಹೇಳಿ ಎಂದು ಕೋರ್ಟಿಗೇ ಹೋಯಿತು. 2003ರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠ ಆ ಕೇಸನ್ನು ವಜಾ ಮಾಡಿತು. ಕಾರಣ, ಇಂಥ ಬರಹಕ್ಕೆ ಈ ಕಾಲದಲ್ಲಿ ಯಾರನ್ನೂ ಶಿಕ್ಷಿಸಲು ಸಾಧ್ಯವೇ ಇಲ್ಲ, ಇಲ್ಲದ ಭಯಕ್ಕೆ ಕೋರ್ಟು ಯಾಕೆ ತೀರ್ಪು ಕೊಡಬೇಕು ಎಂಬುದು. 1998ರ ಮಾನವ ಹಕ್ಕುಗಳ ಕಾಯ್ದೆ ಬಂದ ಮೇಲೆ ಶಾಂತಿಯಿಂದ ಹೇಳುವ ಅಭಿಪ್ರಾಯಕ್ಕೆ ರಕ್ಷಣೆ ಗಟ್ಟಿಯಾಗಿದೆ. ಆ ರಕ್ಷಣೆ ಪಾಸ್‌ಪೋರ್ಟ್ ನೋಡುವುದಿಲ್ಲ, ಈ ನೆಲದಲ್ಲಿರುವ ಎಲ್ಲರಿಗೂ ಇದೆ.

ನಿಮ್ಮನೆಯವರ ಭಯ ಬಹುಶಃ ಥಾಯ್ಲೆಂಡ್ ಸುದ್ದಿಯಿಂದ ಬಂದಿರಬೇಕು. ಅಲ್ಲಿ ಕತೆ ಬೇರೆಯೇ. ದಂಡಸಂಹಿತೆಯ 112ನೇ ಕಲಮಿನಲ್ಲಿ ರಾಜಮನೆತನಕ್ಕೆ ಅವಮಾನ ಅಂದರೆ ಒಂದೊಂದು ಪೋಸ್ಟಿಗೂ 3ರಿಂದ 15 ವರ್ಷ. 2024ರ ಜನವರಿಯಲ್ಲಿ ಫೇಸ್‌ಬುಕ್ ಪೋಸ್ಟುಗಳಿಗಾಗಿ ಒಬ್ಬರ ಶಿಕ್ಷೆಯನ್ನು 50 ವರ್ಷಕ್ಕೆ ಏರಿಸಿದರು. ಆ ಕಲಮನ್ನು ತಿದ್ದುತ್ತೇವೆ ಎಂದು ಚುನಾವಣೆಯಲ್ಲಿ ಹೇಳಿದ ಮೂವ್ ಫಾರ್ವರ್ಡ್ ಪಕ್ಷ ಅತಿ ಹೆಚ್ಚು ಸೀಟು ಗೆದ್ದಿತ್ತು, ಅದನ್ನು 2024ರ ಆಗಸ್ಟ್‌ನಲ್ಲಿ ಕೋರ್ಟು ವಿಸರ್ಜಿಸಿತು. ಒಂದು ಕಿವಿಮಾತು, ಥಾಯ್ ರಾಜನ ಬಗ್ಗೆ ಏನಾದರೂ ಬರೆದು ಆಮೇಲೆ ರಜೆಗೆ ಅಲ್ಲಿಗೆ ಹೋಗಬೇಡಿ. ಅಮೆರಿಕದಲ್ಲಿ ಕೂತು ಹಾಕಿದ ಬರಹಕ್ಕೆ ಅಮೆರಿಕದ ಪ್ರಜೆಯೊಬ್ಬರಿಗೆ 2011ರಲ್ಲಿ ಅಲ್ಲಿ ಎರಡೂವರೆ ವರ್ಷ ಶಿಕ್ಷೆ ಆಗಿದೆ. ಬ್ರಿಟನ್ನಿನಲ್ಲಿ ಇಂಥ ಕಾನೂನೇ ಇಲ್ಲ.

ಹಾಗಾದರೆ 2022ರಲ್ಲಿ ಜನರನ್ನು ಹಿಡಿದರಲ್ಲ ಎಂದು ನೀವು ಕೇಳಬಹುದು. ಹೌದು, ಹಿಡಿದರು. ರಾಣಿ ಎಲಿಜಬೆತ್ ತೀರಿಕೊಂಡ ವಾರದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೊಸ ರಾಜನ ಘೋಷಣೆ ಓದುವಾಗ "ಅವರನ್ನು ಆರಿಸಿದ್ದು ಯಾರು" ಎಂದು ಕೂಗಿದವರೊಬ್ಬರನ್ನು ಪೊಲೀಸರು ಕರೆದೊಯ್ದರು. ಆಮೇಲೆ ಆರೋಪ ಕೈಬಿಟ್ಟರು. ಲಂಡನ್ನಿನಲ್ಲಿ ವಕೀಲರೊಬ್ಬರು ಖಾಲಿ ಕಾಗದ ಹಿಡಿದು ನಿಂತಿದ್ದಕ್ಕೆ ಪೊಲೀಸರು ಬಂದು ವಿಚಾರಿಸಿದರು. 2023ರ ಮೇ 6ರಂದು ಪಟ್ಟಾಭಿಷೇಕದ ದಿನ ಬೆಳಿಗ್ಗೆ, ರಿಪಬ್ಲಿಕ್ ಅನ್ನುವ ಸಂಘಟನೆಯ ಮುಖ್ಯಸ್ಥ ಗ್ರಹಾಂ ಸ್ಮಿತ್ ಸೇರಿ ಆರು ಮಂದಿಯನ್ನು ಬೋರ್ಡುಗಳ ಸಮೇತ ಹಿಡಿದರು. ಬೋರ್ಡುಗಳನ್ನು ಕಟ್ಟಿದ್ದ ಪಟ್ಟಿಗಳು ರಸ್ತೆಗೆ ಮೈ ಬಿಗಿದುಕೊಳ್ಳುವ ಸಾಧನ ಇರಬಹುದು ಅನ್ನುವುದು ಪೊಲೀಸರ ಅನುಮಾನ. ಆ ಅನುಮಾನಕ್ಕೆ ಆಧಾರವಾದ ಪಬ್ಲಿಕ್ ಆರ್ಡರ್ ಕಾಯ್ದೆಗೆ ಅದೇ ವಾರ, ಮೇ 2ರಂದು, ರಾಜನ ಅಂಕಿತ ಬಿದ್ದಿತ್ತು! ಸುಮಾರು ಹದಿನಾರು ಗಂಟೆ ಕೂಡಿಹಾಕಿ, ಕೇಸೇ ಇಲ್ಲದೆ ಬಿಟ್ಟು, ಆಮೇಲೆ ಪೊಲೀಸರು ವಿಷಾದ ಹೇಳಿದರು.

ಇದರಲ್ಲಿ ಗಮನಿಸಬೇಕಾದ್ದು, ಇವರಲ್ಲಿ ಯಾರಿಗೂ ರಾಜನನ್ನು ಟೀಕಿಸಿದ್ದಕ್ಕೆ ಶಿಕ್ಷೆ ಆಗಲಿಲ್ಲ. ಆದರೆ ಬಂಧನವಾಯಿತು, ಒಂದು ದಿನ ಹೋಯಿತು, ಎದೆ ಒಡೆಯಿತು. ಯಾರ್ಕ್‌ನಲ್ಲಿ ರಾಜನತ್ತ ಮೊಟ್ಟೆ ಎಸೆದವರಿಗೆ ಮಾತ್ರ ಶಿಕ್ಷೆ ಆಯಿತು, ಅದು ಎಸೆದಿದ್ದಕ್ಕೆ. ಇಂಗ್ಲೆಂಡಿನಲ್ಲಿ 1986ರ ಪಬ್ಲಿಕ್ ಆರ್ಡರ್ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಮೊದಲು 'ಅವಮಾನಕರ' ಮಾತು ಕೂಡ ಅಪರಾಧವಾಗಿತ್ತು, 2014ರಿಂದ ಅದನ್ನು ತೆಗೆದಿದ್ದಾರೆ. ಈಗ ಬೆದರಿಕೆ ಅಥವಾ ನಿಂದನೆ ಇರಬೇಕು. ಹಳದಿ ಬೋರ್ಡಿನ ಮೇಲಿನ ಮೂರು ಪದ ಅದೆರಡೂ ಅಲ್ಲ.

ಇನ್ನು ವೀಸಾ. ಬಂಧನ ಬೇರೆ, ಶಿಕ್ಷೆ ಬೇರೆ. ಗೃಹ ಇಲಾಖೆ ಮುಖ್ಯವಾಗಿ ನೋಡುವುದು ಶಿಕ್ಷೆಯನ್ನು, ಬಾಕಿ ಇರುವ ಕೇಸನ್ನು, ಪೊಲೀಸ್ ಕಾಷನ್ ಅನ್ನು (ತಪ್ಪು ಒಪ್ಪಿಕೊಂಡವರನ್ನು ಕೋರ್ಟಿಗೆ ಕಳಿಸದೆ ಎಚ್ಚರಿಕೆ ಕೊಟ್ಟು ಬಿಡುವುದು). ಕೇಸಿಲ್ಲದೆ ಬಿಟ್ಟ ಬಂಧನದಿಂದ ಮಾತ್ರ ಪರ್ಮನೆಂಟ್ ರೆಸಿಡೆನ್ಸಿ ತಪ್ಪಿಹೋಗುವುದು ಸಹಜವಲ್ಲ. ಆದರೆ ತನಿಖೆ ಎಳೆದರೆ ನಿಮ್ಮ ಅರ್ಜಿಯೂ ನಿಲ್ಲಬಹುದು. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಟ್ಟರೆ ಬಂಧನಕ್ಕಿಂತ ಆ ಮುಚ್ಚಿಟ್ಟಿದ್ದೇ ದೊಡ್ಡ ತಲೆನೋವು. ನನ್ನ ಬಳಿ ಬರುವ ಕೇಸುಗಳಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಬಲೆ ಕಾಷನ್. ರಾತ್ರಿ ಹನ್ನೊಂದಕ್ಕೆ ಠಾಣೆಯಲ್ಲಿ "ಇದಕ್ಕೆ ಸಹಿ ಹಾಕಿ, ಮನೆಗೆ ಹೋಗಿ" ಎಂದಾಗ ಸಣ್ಣ ಕಾಗದ ಅನ್ನಿಸುತ್ತದೆ. ಆದರೆ ಅದು ತಪ್ಪೊಪ್ಪಿಗೆ. ನೀವು ಫಾರ್ಮಸಿಸ್ಟ್, ನಿಮ್ಮ ವೃತ್ತಿ ನಿಯಂತ್ರಣ ಸಂಸ್ಥೆಗೂ ಅದನ್ನು ತಿಳಿಸಬೇಕಾಗುತ್ತದೆ. ಠಾಣೆಯಲ್ಲಿ ಉಚಿತ ವಕೀಲರನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ, ಅವರು ಬರುವ ತನಕ ಏನಕ್ಕೂ ಸಹಿ ಬೇಡ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಿಮ್ಮ ಸ್ಟಾಫ್ ರೂಮಿನ ಮೊದಲ ವಾದ ಬಹಳ ಜಾಣತನದ್ದು, ಯಾಕಂದರೆ ಅದರಲ್ಲಿ ಅರ್ಧ ಸತ್ಯವಿದೆ.

ಕ್ರೌನ್ ಎಸ್ಟೇಟ್ ಅಂತ ಒಂದು ದೊಡ್ಡ ಆಸ್ತಿ ಇದೆ. ಲಂಡನ್ನಿನ ರೀಜೆಂಟ್ ಸ್ಟ್ರೀಟ್, ಹೊಲ, ವಿಂಡ್ಸರ್ ಪಾರ್ಕ್, ಇಂಗ್ಲೆಂಡ್ ಮತ್ತು ವೇಲ್ಸ್ ಸುತ್ತಲಿನ ಸಮುದ್ರದ ತಳ ಕೂಡ ಅದರದ್ದೇ. ಲಾಭವೆಲ್ಲ ಖಜಾನೆಗೆ ಹೋಗುತ್ತದೆ. 2023-24 ಮತ್ತು 2024-25ರಲ್ಲಿ ವರ್ಷಕ್ಕೆ 110 ಕೋಟಿ ಪೌಂಡ್ ಆಸುಪಾಸು ಬಂತು, ಮುಖ್ಯವಾಗಿ ಕಡಲಿನಲ್ಲಿ ಗಾಳಿ ವಿದ್ಯುತ್ ಕಂಬ ಹಾಕುವವರು ಕೊಟ್ಟ ಶುಲ್ಕದಿಂದ. ಅದರಲ್ಲಿ ಒಂದು ಪಾಲನ್ನು ಲೆಕ್ಕ ಹಾಕಿ ರಾಜನಿಗೆ ಸಾವರಿನ್ ಗ್ರಾಂಟ್ ಎಂದು ಕೊಡುತ್ತಾರೆ. ಹಾಗಾಗಿ "ಅವರು ನೂರು ಕೊಟ್ಟು ಹತ್ತು ತಗೊಳ್ತಾರೆ" ಅನ್ನುವ ವಾದ ಹುಟ್ಟಿತು.

ತಪ್ಪು ಎಲ್ಲಿದೆ ಅಂದರೆ, ಆ ಆಸ್ತಿ ಚಾರ್ಲ್ಸ್ ಅವರ ಸ್ವಂತದ್ದಲ್ಲ. ಮಾರುವಂತಿಲ್ಲ, ಲಾಭ ಮುಟ್ಟುವಂತಿಲ್ಲ. ಹಿಂದೆ ರಾಜನಾದವನು ಆ ಜಮೀನಿನ ಆದಾಯದಲ್ಲಿ ಸರ್ಕಾರದ ಆಡಳಿತವನ್ನೂ ನಡೆಸಬೇಕಿತ್ತು. 1760ರಲ್ಲಿ ಮೂರನೇ ಜಾರ್ಜ್ ಪಟ್ಟಕ್ಕೆ ಬಂದಾಗ ಆ ಆದಾಯ ಬಿಟ್ಟುಕೊಟ್ಟು, ಬದಲಿಗೆ ಸಂಸತ್ತಿನಿಂದ ವರ್ಷಕ್ಕಿಷ್ಟು ಎಂದು ತೆಗೆದುಕೊಂಡ. ಆಡಳಿತದ ಖರ್ಚಿನ ಭಾರವೂ ಕ್ರಮೇಣ ಇಳಿಯಿತು. ಅದು ದಾನವಲ್ಲ, ಒಪ್ಪಂದ. ನಾಳೆ ರಾಜಪ್ರಭುತ್ವ ಹೋದರೆ ಆ ಆಸ್ತಿ ವಿಂಡ್ಸರ್ ಕುಟುಂಬದ ಮನೆಗೆ ಹೋಗುವುದಿಲ್ಲ, ದೇಶದ ಬಳಿಯೇ ಉಳಿಯುತ್ತದೆ ಅನ್ನುವುದು ನನ್ನ ಓದು.

ಗ್ರಾಂಟಿನ ಲೆಕ್ಕ ಇನ್ನೂ ಮಜವಾಗಿದೆ. 2011ರ ಸಾವರಿನ್ ಗ್ರಾಂಟ್ ಕಾಯ್ದೆ ಪ್ರಕಾರ ಕ್ರೌನ್ ಎಸ್ಟೇಟ್ ಲಾಭದ 15 ಶೇಕಡಾ. ಬಕಿಂಗ್‌ಹ್ಯಾಮ್ ಅರಮನೆಯ ಹಳೇ ವೈರಿಂಗು, ಪೈಪು ಬದಲಿಸಲು 36.9 ಕೋಟಿ ಪೌಂಡ್ ಬೇಕೆಂದು 2017ರಿಂದ 25 ಶೇಕಡಾ ಮಾಡಿದರು. ಗಾಳಿ ವಿದ್ಯುತ್ತಿನ ಲಾಭ ಉಬ್ಬಿದಾಗ 12ಕ್ಕೆ ಇಳಿಸಿದರು. "ಇಳಿಸಿದರು" ಎಂದು ಕೇಳಿದರೆ ಕಡಿಮೆಯಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ 8.63 ಕೋಟಿ ಪೌಂಡ್ ಇದ್ದ ಗ್ರಾಂಟ್ 2025-26ಕ್ಕೆ 13.21 ಕೋಟಿ ಆಯಿತು. ಇನ್ನೊಂದು ವಿಚಿತ್ರ, ಲಾಭ ಬಿದ್ದರೂ ಗ್ರಾಂಟ್ ಹಿಂದಿನ ವರ್ಷಕ್ಕಿಂತ ಕಡಿಮೆ ಆಗುವಂತಿಲ್ಲ. ಆಸ್ಪತ್ರೆಗೆ, ಶಾಲೆಗೆ ಇಂಥ ಏಣಿ ಯಾರೂ ಹಾಕಿಕೊಟ್ಟಿಲ್ಲ. ಇದರಲ್ಲಿ ಭದ್ರತೆಯ ಖರ್ಚು ಸೇರಿಲ್ಲ, ಅದನ್ನು ಪ್ರಕಟಿಸುವುದೂ ಇಲ್ಲ. ರಿಪಬ್ಲಿಕ್ ಸಂಘಟನೆ ಎಲ್ಲ ಸೇರಿಸಿ ವರ್ಷಕ್ಕೆ 51 ಕೋಟಿ ಪೌಂಡ್ ಎಂದು 2024ರಲ್ಲಿ ಲೆಕ್ಕ ಕೊಟ್ಟಿತು. ಅದು ರಾಜಪ್ರಭುತ್ವ ಬೇಡ ಅನ್ನುವವರ ಅಂದಾಜು, ಹಾಗೆಂದೇ ಓದಬೇಕು. ಆದರೆ ನಿಜವಾದ ಮೊತ್ತ ಹೇಳಬೇಕಾದವರು ಹೇಳದೇ ಇದ್ದಾಗ ಅಂದಾಜು ಹುಟ್ಟುವುದು ಸಹಜ.

ನ್ಯಾಯವಾಗಿ ಹೇಳುವುದಾದರೆ ಗ್ರಾಂಟನ್ನು ತಲೆಗೆ ಹಂಚಿದರೆ ಒಬ್ಬರಿಗೆ ಎರಡು ಪೌಂಡ್ ಕೂಡ ಆಗುವುದಿಲ್ಲ. ಆದ್ದರಿಂದ "ರಾಜನಿಂದ ದೇಶ ದಿವಾಳಿ" ಅನ್ನುವ ಕೂಗೂ ಸುಳ್ಳೇ. "ರಾಜ ಇದ್ದರೆ ಟೂರಿಸಂ" ಅನ್ನುವ ಮಾತಿಗೆ ಉತ್ತರ ಫ್ರಾನ್ಸಿನಲ್ಲಿದೆ, ರಾಜರಿಲ್ಲದ ವರ್ಸೈ ಅರಮನೆಗೆ ವರ್ಷಕ್ಕೆ ಲಕ್ಷಾಂತರ ಜನ ಹೋಗುತ್ತಾರೆ.

ನನಗೆ ಗ್ರಾಂಟಿಗಿಂತ ಹೆಚ್ಚು ಕಾಡುವುದು ಡಚಿಗಳು, ಅಂದರೆ ರಾಜಮನೆತನಕ್ಕೆ ಆದಾಯ ತರುವ ಜಮೀನು, ಕಟ್ಟಡಗಳ ಎಸ್ಟೇಟುಗಳು. ಲ್ಯಾಂಕಾಸ್ಟರ್ ಡಚಿ ರಾಜನಿಗೆ, ಕಾರ್ನ್‌ವಾಲ್ ಡಚಿ ಯುವರಾಜನಿಗೆ. ಒಂದೊಂದರಿಂದಲೂ ವರ್ಷಕ್ಕೆ 2 ಕೋಟಿ ಪೌಂಡ್‌ಗೂ ಜಾಸ್ತಿ ಕೈಗೆ ಬರುತ್ತದೆ. ಇವು ಕಂಪನಿಗಳ ಹಾಗೆ ವ್ಯಾಪಾರ ಮಾಡುತ್ತವೆ, ಆದರೆ ಕಾರ್ಪೊರೇಷನ್ ಟ್ಯಾಕ್ಸ್ ಇಲ್ಲ. ರಾಜ ಆದಾಯ ತೆರಿಗೆ ಕಟ್ಟುತ್ತಾರೆ, ಆದರೆ 'ಸ್ವ ಇಚ್ಛೆಯಿಂದ'. ನಿಮ್ಮ ಸಂಬಳದಿಂದ ಸ್ವ ಇಚ್ಛೆ ಕೇಳಿ ಕಡಿಯುತ್ತಾರಾ? ರಾಜನಿಂದ ಮುಂದಿನ ರಾಜನಿಗೆ ಹೋಗುವ ಆಸ್ತಿಗೆ ಇನ್ಹೆರಿಟೆನ್ಸ್ ಟ್ಯಾಕ್ಸ್ ಇಲ್ಲ. ಲ್ಯಾಂಕಾಸ್ಟರ್ ಸೀಮೆಯಲ್ಲಿ ಉಯಿಲು ಬರೆಯದೆ, ವಾರಸುದಾರರಿಲ್ಲದೆ ಸತ್ತವರ ಹಣ ಇಂದಿಗೂ ಡಚಿಗೆ ಹೋಗುತ್ತದೆ. ಖರ್ಚು ಕಳೆದು ಉಳಿದದ್ದು ದತ್ತಿಗೆ ಎಂದು ಅವರು ಹೇಳುತ್ತಿದ್ದರು, ಅದರಲ್ಲಿ ಸ್ವಲ್ಪ ರಾಜನ ಬಾಡಿಗೆ ಮನೆಗಳ ರಿಪೇರಿಗೂ ಹೋಗಿದೆ ಎಂದು 2023ರಲ್ಲಿ ಗಾರ್ಡಿಯನ್ ಬಯಲಿಗೆಳೆಯಿತು. ಮರುವರ್ಷ ಸಂಡೇ ಟೈಮ್ಸ್ ಮತ್ತು ಚಾನೆಲ್ 4 ಸೇರಿ ಈ ಡಚಿಗಳು ಸರ್ಕಾರಿ ಆಸ್ಪತ್ರೆ, ಶಾಲೆ, ದತ್ತಿ ಸಂಸ್ಥೆಗಳಿಂದಲೂ ಬಾಡಿಗೆ, ಶುಲ್ಕ ತೆಗೆದುಕೊಳ್ಳುತ್ತಿರುವುದನ್ನು ಹೊರಗೆ ತಂದವು. ಆಸ್ಪತ್ರೆಯವರ ಜತೆ ವಾದ ಮಾಡುವಾಗ ಇದನ್ನು ನೆನಪಿಡಿ, ಬೇಗ ನಾಟುತ್ತದೆ.

ಎರಡನೇ ವಾದ, ಆಂಡ್ರೂ ಅವರದ್ದು. 2025ರ ಅಕ್ಟೋಬರ್ 30ರಂದು ರಾಜ ತಮ್ಮನ ಬಿರುದುಗಳನ್ನು ತೆಗೆಯುವ ಪ್ರಕ್ರಿಯೆ ಶುರು ಮಾಡಿದರು. ಈಗ ಅವರು ಆಂಡ್ರೂ ಮೌಂಟ್‌ಬ್ಯಾಟನ್ ವಿಂಡ್ಸರ್. ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿ ವರ್ಜೀನಿಯಾ ಜುಫ್ರೆ ಅನ್ನುವವರು ಹೂಡಿದ್ದ ಸಿವಿಲ್ ದಾವೆಯನ್ನು ಅವರು 2022ರಲ್ಲೇ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿದ್ದರು, ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ. ಸರಿ, ಬಿರುದು ಹೋಯಿತು. ಆದರೆ ಇದು ಉತ್ತರದಾಯಿತ್ವವಾ? ಅಣ್ಣ ತಮ್ಮನಿಗೆ ಮನೆಯೊಳಗೆ ಕೊಟ್ಟ ಶಿಕ್ಷೆ ಇದು. ಯಾರಿಗೆ ಯಾವಾಗ ಏನು ಗೊತ್ತಿತ್ತು, ಅರಮನೆಯ ಸಿಬ್ಬಂದಿ ಏನು ಮಾಡಿದರು, ರಾಜಿಯ ಹಣ ಎಲ್ಲಿಂದ ಬಂತು, ಇದ್ಯಾವುದಕ್ಕೂ ಬಿರುದು ತೆಗೆದಿದ್ದು ಉತ್ತರ ಕೊಡುವುದಿಲ್ಲ. ಅದೇ ತಿಂಗಳು ಲಿಚ್‌ಫೀಲ್ಡ್‌ನಲ್ಲಿ ಜನರ ಸಾಲಿನಿಂದ ಒಬ್ಬರು ರಾಜನಿಗೆ ಮುಖಕ್ಕೆ ಮುಖ ಕೊಟ್ಟು ಕೂಗಿ ಕೇಳಿದ್ದೂ ಇದನ್ನೇ, ಎಷ್ಟು ದಿನದಿಂದ ನಿಮಗೆ ಗೊತ್ತಿತ್ತು ಎಂದು. ಸುತ್ತಲಿನವರು ಅವರನ್ನೇ ಸುಮ್ಮನಿರಿಸಿದರು.

ಮನೆಯ ವಿಷಯ ನೋಡಿ. ರಾಯಲ್ ಲಾಡ್ಜ್ ಅನ್ನುವ ಮೂವತ್ತು ಕೋಣೆಯ ಬಂಗಲೆ ಕ್ರೌನ್ ಎಸ್ಟೇಟಿನದು. 2003ರಲ್ಲಿ ಆಂಡ್ರೂ 75 ವರ್ಷದ ಗುತ್ತಿಗೆ ತೆಗೆದುಕೊಂಡರು. ಮೊದಲೇ 10 ಲಕ್ಷ ಪೌಂಡ್ ಕೊಟ್ಟರು, ರಿಪೇರಿಗೆ ಕನಿಷ್ಠ 75 ಲಕ್ಷ ಹಾಕಿದರು. ಅದಾದ ಮೇಲೆ ವರ್ಷದ ಬಾಡಿಗೆ, ಕೇಳಿದರೆ, ಒಂದು ಮೆಣಸಿನಕಾಳು. ಇಂಥ ಷರತ್ತು ಇಂಗ್ಲಿಷ್ ಗುತ್ತಿಗೆಗಳಲ್ಲಿ ಹೊಸದಲ್ಲ, ಅದರಲ್ಲಿ ಅಕ್ರಮವೂ ಇಲ್ಲ. ಆದರೆ ಖಜಾನೆಗೆ ಸೇರಬೇಕಾದ ಆಸ್ತಿಯ ಈ ಕಾಗದ ಜನರ ಕಣ್ಣಿಗೆ ಬಿದ್ದಿದ್ದು ಪತ್ರಿಕೆಗಳು ಹಠ ಹಿಡಿದ ಮೇಲೆ. ಆಮೇಲೆ ಸಂಸತ್ತಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ ಕ್ರೌನ್ ಎಸ್ಟೇಟಿಗೂ ಖಜಾನೆಗೂ ಪತ್ರ ಬರೆದು ಪ್ರಶ್ನೆ ಕೇಳಿತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಉತ್ತರದಾಯಿತ್ವ ಅನ್ನಬಹುದಾದ ಮೊದಲ ಹೆಜ್ಜೆ ಇದು. ಬಿರುದಿನ ಸುದ್ದಿ ಮುಖಪುಟದಲ್ಲಿ ಬಂತು, ಈ ಪತ್ರ ಒಳಪುಟಕ್ಕೆ ಹೋಯಿತು.

ಇಷ್ಟು ದೊಡ್ಡ ಪ್ರಜಾಪ್ರಭುತ್ವದಲ್ಲಿ ಇದು ಹೀಗೇಕೆ ಅಂದರೆ, ಬಾಗಿಲುಗಳನ್ನು ಒಂದೊಂದಾಗಿ ಕಾನೂನೇ ಮುಚ್ಚಿದೆ. ರಾಜನ ಮೇಲೆ ಕ್ರಿಮಿನಲ್ ಕೇಸಾಗಲಿ ಸಿವಿಲ್ ದಾವೆಯಾಗಲಿ ಹಾಕುವಂತಿಲ್ಲ. ಕುಟುಂಬದ ಉಳಿದವರಿಗೆ ಆ ರಕ್ಷಣೆ ಇಲ್ಲ, 2002ರಲ್ಲಿ ರಾಜಕುಮಾರಿ ಆನ್ ಅವರ ನಾಯಿ ಮಕ್ಕಳನ್ನು ಕಚ್ಚಿದ್ದಕ್ಕೆ ಕೋರ್ಟು 500 ಪೌಂಡ್ ದಂಡ ಹಾಕಿತ್ತು. ಮಾಹಿತಿ ಹಕ್ಕಿನ ಕಾಯ್ದೆ ಅರಮನೆಗೆ ಅನ್ವಯಿಸುವುದಿಲ್ಲ. ಚಾರ್ಲ್ಸ್ ಯುವರಾಜರಾಗಿದ್ದಾಗ ಮಂತ್ರಿಗಳಿಗೆ ಬರೆದ ಪತ್ರಗಳನ್ನು ಗಾರ್ಡಿಯನ್ ವರದಿಗಾರರೊಬ್ಬರು 2005ರಲ್ಲಿ ಕೇಳಿದರು, ಸುಪ್ರೀಂ ಕೋರ್ಟ್ ತನಕ ಹೋರಾಡಿ 2015ರಲ್ಲಿ ಅವು ಹೊರಬಂದವು. ಆ ಹೋರಾಟ ನಡೆಯುತ್ತಿದ್ದಾಗಲೇ ಕಾನೂನು ತಿದ್ದಿ ರಾಜ, ಯುವರಾಜ ಮತ್ತು ಅವರ ನಂತರದವರ ಪತ್ರಗಳನ್ನು ಪೂರ್ತಿಯಾಗಿ ಹೊರಗಿಟ್ಟರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಬೀಗ ಹಾಕಿದರು. ರಾಣಿ ಎಲಿಜಬೆತ್ ಅವರ ಗಂಡ ಫಿಲಿಪ್ ಅವರ ಉಯಿಲನ್ನು 90 ವರ್ಷ ತೆರೆಯಬಾರದೆಂದು 2021ರಲ್ಲಿ ಹೈಕೋರ್ಟ್ ಹೇಳಿತು. ತನ್ನ ಆಸ್ತಿಗೆ ತಟ್ಟುವ ಮಸೂದೆಯನ್ನು ಸಂಸತ್ತಿನಲ್ಲಿ ಚರ್ಚೆಗೆ ತರುವ ಮೊದಲೇ ರಾಜನಿಗೆ ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿ ಈಗಲೂ ಇದೆ, ಎಲಿಜಬೆತ್ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆಗಳು ಹೀಗೆ ಹೋಗಿಬಂದವು. ಸಂಸದರು ಕೂಡ ಮಾಮೂಲಿ ಪ್ರಶ್ನೆ ವೇಳೆಯಲ್ಲಿ ರಾಜಮನೆತನದವರ ನಡತೆಯನ್ನು ಟೀಕಿಸುವಂತಿಲ್ಲ, ಅದಕ್ಕೆಂದೇ ನಿರ್ಣಯ ಮಂಡಿಸಬೇಕು.

ಹಾಗಾದರೆ ಕೂಗಿ ಪ್ರಯೋಜನವೇ ಇಲ್ಲವಾ? ಚರಿತ್ರೆಯಲ್ಲಿ ಎರಡು ಬಗೆಯ ಉದಾಹರಣೆ ಇವೆ. ಗಂಡ ಆಲ್ಬರ್ಟ್ ಸತ್ತ ಮೇಲೆ ವಿಕ್ಟೋರಿಯಾ ರಾಣಿ ಹತ್ತು ವರ್ಷ ಹೊರಗೆ ಕಾಣಿಸಿಕೊಳ್ಳುವುದನ್ನೇ ಕಡಿಮೆ ಮಾಡಿದಾಗ, ನಮ್ಮ ದುಡ್ಡು ತಗೊಂಡು ಏನು ಮಾಡುತ್ತಾರೆ ಎಂದು ಜನ ಕೇಳತೊಡಗಿದರು, ಊರೂರಲ್ಲಿ ರಿಪಬ್ಲಿಕನ್ ಕ್ಲಬ್ ಹುಟ್ಟಿದವು. ಸಂಸದ ಚಾರ್ಲ್ಸ್ ಡಿಲ್ಕ್ 1871ರ ನವೆಂಬರ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ಬಹಿರಂಗವಾಗಿಯೇ ಗಣರಾಜ್ಯ ಬೇಕೆಂದರು. ಕೆಲವೇ ವಾರದಲ್ಲಿ ಯುವರಾಜನಿಗೆ ಟೈಫಾಯ್ಡ್ ಬಂತು, ಬದುಕಿದ, ದೇಶವೆಲ್ಲ ಕಣ್ಣೀರು ಹಾಕಿತು, ಚಳವಳಿ ಆರಿಹೋಯಿತು. ಸಿಟ್ಟಿನ ಮೇಲೆ ನಿಂತದ್ದು ಕನಿಕರಕ್ಕೆ ಕರಗಿತು.

1992 ನೋಡಿ. ನವೆಂಬರ್‌ನಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ರಿಪೇರಿ ಸರ್ಕಾರದ್ದು ಎಂದು ಮಂತ್ರಿ ಹೇಳಿದರು. ತೆರಿಗೆ ಕಟ್ಟದ ರಾಣಿಯ ಮನೆಗೆ ನಾವೇಕೆ ಕೊಡಬೇಕು ಎಂದು ಜನ ಕೇಳಿದರು. ಬಹಳ ಸಣ್ಣ, ನೇರ, ಲೆಕ್ಕದ ಪ್ರಶ್ನೆ. ಅದಕ್ಕೆ ಕಣ್ಣೀರಿನ ಉತ್ತರ ಇರಲಿಲ್ಲ. ಕೆಲವೇ ದಿನಗಳಲ್ಲಿ ರಾಣಿ ಆದಾಯ ತೆರಿಗೆ ಕಟ್ಟುವುದಾಗಿ ಒಪ್ಪಿದರು, ಮುಂದಿನ ವರ್ಷ ಬಕಿಂಗ್‌ಹ್ಯಾಮ್ ಅರಮನೆಯ ಬಾಗಿಲು ಟಿಕೆಟ್ ಕೊಂಡವರಿಗೆ ತೆರೆಯಿತು, ರಿಪೇರಿಯ ಬಹುಪಾಲು ಹಣ ಆ ಟಿಕೆಟಿನಿಂದಲೇ ಬಂತು. ಸ್ಪೇನಿನಲ್ಲೂ ಹೀಗೇ. ಹಿಂದಿನ ರಾಜ ಹುವಾನ್ ಕಾರ್ಲೋಸ್ ಮುಖ್ಯವಾಗಿ ಸಂವಿಧಾನದ ರಕ್ಷಣೆಯಿಂದಾಗಿ ಕೋರ್ಟಿಗೆ ಬರಲೇ ಇಲ್ಲ. ಆದರೆ ಸ್ವಿಸ್ ಬ್ಯಾಂಕು, ಸೌದಿ ಹಣ ಎಂದು ದಾಖಲೆ ಸಮೇತ ಪ್ರಶ್ನೆ ಬಂದಾಗ 2020ರಲ್ಲಿ ದೇಶ ಬಿಟ್ಟು ಅಬುಧಾಬಿಗೆ ಹೋದರು, ಬಾಕಿ ತೆರಿಗೆ ಎಂದು ಎರಡು ಕಂತಿನಲ್ಲಿ 50 ಲಕ್ಷ ಯೂರೊಗೂ ಹೆಚ್ಚು ಕಟ್ಟಿದರು. ಮಗ ಫಿಲಿಪೆ 2022ರಲ್ಲಿ ತನ್ನ ಆಸ್ತಿ ಸುಮಾರು 26 ಲಕ್ಷ ಯೂರೊ ಎಂದು ತಾನಾಗಿ ಪ್ರಕಟಿಸಿದರು. ಬ್ರಿಟನ್ನಿನಲ್ಲಿ ಯಾವ ರಾಜನೂ ಇದುವರೆಗೆ ಇದನ್ನು ಮಾಡಿಲ್ಲ. ನನ್ನ ಅಭಿಪ್ರಾಯ ಇಷ್ಟೇ, ಅರಮನೆ ಬೈಗುಳಕ್ಕೆ ಹೆದರುವುದಿಲ್ಲ, ರಸೀದಿ ಕೇಳಿದರೆ ಹೆದರುತ್ತದೆ.

ದೇಶದ ಮುಂದೆ ಇರುವ ದಾರಿಗಳನ್ನೂ ಹೇಳಿಬಿಡುತ್ತೇನೆ. ರಾಜಪ್ರಭುತ್ವ ಇಟ್ಟುಕೊಂಡೇ ಮಾಹಿತಿ ಹಕ್ಕನ್ನು ಅದಕ್ಕೂ ಚಾಚಬಹುದು, ಡಚಿಗಳನ್ನು ಖಜಾನೆಗೆ ಸೇರಿಸಬಹುದು, ತೆರಿಗೆಯನ್ನು ಕಡ್ಡಾಯ ಮಾಡಬಹುದು. ಸಾಮಾನ್ಯ ಕಾಯ್ದೆ ಸಾಕು. ಅಪಾಯವೇನೆಂದರೆ ಹೀಗೆ ತೊಳೆದ ರಾಜಪ್ರಭುತ್ವ ಇನ್ನೂ ಗಟ್ಟಿಯಾಗುತ್ತದೆ, ಅದು ಬೇಡವೇ ಬೇಡ ಅನ್ನುವವರಿಗೆ ಇದು ಹಿಡಿಸುವುದಿಲ್ಲ. ಪೂರ್ತಿ ಗಣರಾಜ್ಯದ ದಾರಿಯಲ್ಲಿ ಬಾರ್ಬಡೋಸ್ 2021ರ ನವೆಂಬರ್ 30ರಂದು ಸಂಸತ್ತಿನ ಮತದಿಂದ ಸಲೀಸಾಗಿ ದಾಟಿತು. ಆಸ್ಟ್ರೇಲಿಯಾ 1999ರಲ್ಲಿ ಜನಮತ ಕೇಳಿ ಸೋತಿತು, ಸುಮಾರು 55 ಶೇಕಡಾ ಜನ ಬೇಡ ಅಂದರು. ಅಲ್ಲಿ ರಾಜಪ್ರಭುತ್ವ ಬೇಡ ಅನ್ನುವವರೇ, ಅಧ್ಯಕ್ಷರನ್ನು ಜನ ಆರಿಸಬೇಕೋ ಸಂಸತ್ತೋ ಎಂದು ಒಡೆದುಹೋಗಿದ್ದರು. ಬ್ರಿಟನ್ನಿನ ಸಮೀಕ್ಷೆಗಳಲ್ಲಿ ರಾಜಪ್ರಭುತ್ವ ಇರಲಿ ಅನ್ನುವವರೇ ಇನ್ನೂ ಹೆಚ್ಚು, ಚಿಕ್ಕ ವಯಸ್ಸಿನವರಲ್ಲಿ ಆ ಬೆಂಬಲ ಬಹಳ ಕಡಿಮೆ. ಹತ್ತಿರದಲ್ಲಿ ಜನಮತ ನಡೆಯುವ ಲಕ್ಷಣ ನನಗೆ ಕಾಣುವುದಿಲ್ಲ.

ಈಗ ನೀವು. ಒಂದು ವಿಷಯ ಗೊತ್ತಿದೆಯಾ? ಭಾರತದ ಪ್ರಜೆಯಾಗಿದ್ದುಕೊಂಡೇ, ವೀಸಾದಲ್ಲಿದ್ದುಕೊಂಡೇ ನಿಮಗೆ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಇದೆ, ಕಾಮನ್‌ವೆಲ್ತ್ ದೇಶದವರು ಎಂಬ ಕಾರಣಕ್ಕೆ. ಎಷ್ಟೋ ಕನ್ನಡಿಗರು ಹೆಸರೇ ಹಾಕಿಸಿರುವುದಿಲ್ಲ. ಮೊದಲು ಹೆಸರು ಹಾಕಿಸಿ. ಆಮೇಲೆ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ, 'ರಾಜಪ್ರಭುತ್ವದ ಬಗ್ಗೆ ನಿಮ್ಮ ನಿಲುವೇನು' ಎಂದು ಬೇಡ, ಅದಕ್ಕೆ ಅಚ್ಚು ಹಾಕಿದ ಉತ್ತರ ಬರುತ್ತದೆ. 'ಡಚಿಗಳಿಗೆ ಕಾರ್ಪೊರೇಷನ್ ಟ್ಯಾಕ್ಸ್ ಹಾಕುವುದನ್ನು ಬೆಂಬಲಿಸುತ್ತೀರಾ' ಎಂದು ಕೇಳಿ. ಅರಮನೆಗೆ ಮಾಹಿತಿ ಹಕ್ಕು ಇಲ್ಲದಿದ್ದರೂ ಖಜಾನೆಗೆ ಇದೆ, ಕ್ರೌನ್ ಎಸ್ಟೇಟಿಗೆ ಇದೆ, ನಿಮ್ಮ ಆಸ್ಪತ್ರೆ ಟ್ರಸ್ಟಿಗೆ ಇದೆ. ಡಚಿಗೆ ವರ್ಷಕ್ಕೆ ಎಷ್ಟು ಕೊಟ್ಟಿದ್ದೀರಿ ಎಂದು ಯಾವ ಟ್ರಸ್ಟನ್ನಾದರೂ ಇಮೇಲಿನಲ್ಲಿ ಕೇಳಬಹುದು, 20 ಕೆಲಸದ ದಿನದಲ್ಲಿ ಉತ್ತರಿಸಬೇಕು. ಸಂಸತ್ತಿನ ಆನ್‌ಲೈನ್ ಮನವಿಗೆ ಇಲ್ಲಿ ವಾಸಿಸುವ ಯಾರಾದರೂ ಸಹಿ ಹಾಕಬಹುದು. 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಇವುಗಳಲ್ಲಿ ನಿಮ್ಮ ವೀಸಾಕ್ಕೆ ಅಪಾಯವೇ ಇಲ್ಲ. ರಾಜನಿಗೆ ಮನವಿ ಕೊಡುವುದು ಪ್ರಜೆಗಳ ಹಕ್ಕು, ಕೊಟ್ಟವರನ್ನು ಜೈಲಿಗೆ ಹಾಕುವುದೇ ಕಾನೂನುಬಾಹಿರ ಎಂದು 1689ರ ಹಕ್ಕುಗಳ ಮಸೂದೆಯಲ್ಲೇ ಬರೆದಿದೆ.

ಪ್ರತಿಭಟನೆಗೆ ಹೋಗಲೇಬೇಕು ಅನ್ನಿಸಿದರೆ ಹೋಗಿ. ಮೊದಲೇ ಪೊಲೀಸರಿಗೆ ತಿಳಿಸಿ ನಡೆಸುವಂಥ, ಒಂದೆಡೆ ನಿಲ್ಲುವ ಸಭೆಯನ್ನು ಆರಿಸಿಕೊಳ್ಳಿ. ಪಟ್ಟಾಭಿಷೇಕದಂಥ ದೊಡ್ಡ ದಿನಗಳಲ್ಲಿ ಪೊಲೀಸರ ನರ ಬಿಗಿದಿರುತ್ತದೆ, ಅರ್ಜಿ ಬಾಕಿ ಇರುವಾಗ ಅಂಥ ದಿನ ಬೇಡ. ಬ್ಯಾಗಿನಲ್ಲಿ ಅಂಟು, ಸರಪಳಿ, ಬೀಗ, ಬಿಗಿಯುವ ಪಟ್ಟಿ ಇರಬಾರದು. ಜಾಗ ಬಿಟ್ಟು ಹೋಗಿ ಎಂದರೆ ವಾದ ಬೇಡ, ಹೋಗಿ, ವಾದವನ್ನು ಆಮೇಲೆ ನಮ್ಮಂಥವರು ಮಾಡುತ್ತೇವೆ. ಆಸ್ಪತ್ರೆಯ ಯೂನಿಫಾರ್ಮ್, ಬ್ಯಾಡ್ಜ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಬೇಡಿ. ಅದು ಕಾನೂನಿನ ಮಾತಲ್ಲ, ಮಾಲೀಕರ ಸೋಷಿಯಲ್ ಮೀಡಿಯಾ ನಿಯಮದ ಮಾತು. ವೀಸಾ ಸ್ಪಾನ್ಸರ್ ಕೂಡ ಅವರೇ ಅಲ್ವಾ. ಪರ್ಮನೆಂಟ್ ರೆಸಿಡೆನ್ಸಿಯ ನಿಯಮಗಳನ್ನು ಸರ್ಕಾರ ಬದಲಿಸುತ್ತಲೇ ಇದೆ, ಅರ್ಜಿ ಹಾಕುವ ಹೊತ್ತಿಗೆ ಏನಿದೆಯೋ ಅದನ್ನು ನೋಡಿಕೊಳ್ಳಿ.

ಕೊನೆಗೆ ಪ್ರಮಾಣ. ಪರ್ಮನೆಂಟ್ ರೆಸಿಡೆನ್ಸಿಗೆ ಪ್ರಮಾಣವಿಲ್ಲ, ಸಿಟಿಜನ್‌ಶಿಪ್ಪಿಗೆ ಇದೆ. ಮೂರನೇ ಚಾರ್ಲ್ಸ್ ಮತ್ತು ಅವರ ವಾರಸುದಾರರಿಗೆ ನಿಷ್ಠೆ ಎಂದು ಹೇಳಬೇಕು, ದೇವರ ಹೆಸರಿಲ್ಲದೆಯೂ ಹೇಳಬಹುದು. ಇದನ್ನೇ ಹೇಳಿ ಸಂಸತ್ತಿಗೆ ಹೋದ ಗಣರಾಜ್ಯವಾದಿಗಳು ಬೇಕಾದಷ್ಟು ಜನ ಇದ್ದಾರೆ, ಟೋನಿ ಬೆನ್ ಅಂಥವರು ದಶಕಗಳ ಕಾಲ ಕೂತಿದ್ದರು. 2024ರಲ್ಲಿ ಕ್ಲೈವ್ ಲೂಯಿಸ್ ಅನ್ನುವ ಸಂಸದರು ವಾರಸುದಾರರು ಅನ್ನುವ ಪದ ಬಿಟ್ಟು ಓದಿ, ಮತ್ತೆ ಬಂದು ಪೂರ್ತಿ ಓದಬೇಕಾಯಿತು. ಆಮೇಲೂ ಅವರು ಗಣರಾಜ್ಯವಾದಿಯೇ. ಕೆನಡಾದಲ್ಲಿ ಮೂವರು ವಲಸಿಗರು ನಿಮ್ಮ ಹಾಗೇ ಮನಸ್ಸು ಒಪ್ಪದೆ ಕೋರ್ಟಿಗೆ ಹೋದರು. ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಪ್ರಮಾಣವನ್ನು ರದ್ದು ಮಾಡಲಿಲ್ಲ, ಆದರೆ ಈ ನಿಷ್ಠೆ ಆ ವ್ಯಕ್ತಿಗಲ್ಲ, ದೇಶದ ಆಡಳಿತ ವ್ಯವಸ್ಥೆಗೆ ಎಂದಿತು. ಬದಲಾವಣೆ ಬೇಕೆಂದು ಕೇಳುವುದೂ ಆ ವ್ಯವಸ್ಥೆಯ ಒಳಗೇ ಬರುತ್ತದೆ. ಅದು ಬ್ರಿಟನ್ನಿಗೆ ಕಟ್ಟುಪಾಡಲ್ಲ, ಆದರೆ ತರ್ಕ ಇಲ್ಲಿಗೂ ಹೊಂದುತ್ತದೆ. ಪ್ರಮಾಣ ಮುಗಿಸಿ ಬಂದ ಮರುದಿನವೇ ನೀವು ಹಳದಿ ಬೋರ್ಡ್ ಹಿಡಿದರೂ ಯಾರೂ ಸರ್ಟಿಫಿಕೇಟ್ ವಾಪಸ್ ಕೇಳುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡರೆ ಭಾರತದ ಪೌರತ್ವ ಬಿಡಬೇಕು, ನಿಮ್ಮನೆಯವರ ಜತೆ ಕೂತು ಮಾತಾಡಬೇಕಾದ್ದು ನಿಜಕ್ಕೂ ಆ ವಿಷಯ.